ಗೌರವ್ವನ ಕಣ್ಣು ತೆರೆಸಿದ್ದು

ನಾನು ಫೋಟೋ ತೆಗೆಯುವುದಕ್ಕಿಂತ ಮೊದಲು ಫೋಟೋ ತಿದ್ದುವುದನ್ನು ಕಲಿತವಳು. ಈಗಿನ ಹುಡುಗ ಹುಡುಗಿಯರಿಗೆ ಇದು ಉಲ್ಟಾ ಅನ್ನಿಸೀತು. ಅನ್ನಿಸಲಿ. ನಮ್ಮ ಕಸುಬಿನಲ್ಲಿ ಯಾವುದು ತಾನೇ ನೆಟ್ಟಗಿತ್ತು? ಕ್ಯಾಮೆರಾದ ಹಿಂದಿನ ಮಸುಕು ಗಾಜಿನಲ್ಲಿ ಎಂಥ ದೊಡ್ಡ ಮನುಷ್ಯನೂ ತಲೆಕೆಳಗಾಗಿ ನಿಲ್ಲುತ್ತಿದ್ದ. ಫಿಲ್ಮಿನ ಬದಲು ಆಗ ಇದ್ದ ಗಾಜಿನ ಪ್ಲೇಟು ತೊಳೆದರೆ ಬಿಳಿ ಧೋತರ ಕಪ್ಪಾಗಿ, ಕಪ್ಪು ಕೂದಲು ಬೆಳ್ಳಗಾಗಿ ಬರುತ್ತಿತ್ತು. ಅದನ್ನು ಕಾಗದಕ್ಕೆ ಇಳಿಸಿದ ಮೇಲೆಯೇ ಲೋಕ ತನ್ನ ಜಾಗಕ್ಕೆ ಮರಳುತ್ತಿದ್ದದ್ದು.

ಮೊನ್ನೆ ನನ್ನ ಮೊಮ್ಮಗಳು ಬಂದಿದ್ದಳು. ಕಾಲೇಜಿನಲ್ಲಿ ಓದುತ್ತಾಳೆ, ಫೋಟೋ ತೆಗೆಯುವ ಹುಚ್ಚು ಹತ್ತಿದೆ. ಫೋನಿನಲ್ಲಿ ಗೆಳತಿಯ ಮುಖದ ಮೊಡವೆಯನ್ನು ಬೆರಳಿನಿಂದ ಒರೆಸಿ ತೋರಿಸಿ, "ಅಜ್ಜಿ, ನಿಮ್ಮ ಕಾಲದಾಗ ಎಡಿಟಿಂಗ್ ಇತ್ತೇನು?" ಎಂದಳು. ನಾನು ನಕ್ಕುಬಿಟ್ಟೆ. ಸಿಡುಬಿನ ಕಲೆಗಳನ್ನು ಪೆನ್ಸಿಲಿನ ಮೊನೆಯಿಂದ ಒಂದೊಂದಾಗಿ ತುಂಬಿ, ಮದುವೆಯೇ ಆಗದೆ ಕುಳಿತಿದ್ದ ಎಷ್ಟು ಹೆಣ್ಣುಮಕ್ಕಳ ಮುಖ ನುಣ್ಣಗೆ ಮಾಡಿದವಳು ನಾನು! ಇವಳು ನನ್ನನ್ನು ಕೇಳುತ್ತಾಳೆ, ಇತ್ತೇನು ಅಂತ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈ ಕಸುಬಿಗೆ ಹೊಸದಾಗಿ ಕಾಲಿಡುವ ಯಾರಾದರೂ ಓದಿದರೆ ಸಂತೋಷ.

ನಾವು ಕಿನ್ನಾಳದ ಚಿತ್ರಗಾರರು. ಕಟ್ಟಿಗೆಯ ಗೊಂಬೆ, ದೇವರ ಮೂರ್ತಿ, ತೊಟ್ಟಿಲು ಇವಕ್ಕೆ ಬಣ್ಣ ಹಾಕುವುದು ನಮ್ಮ ಮನೆತನದ ಕೆಲಸ. ನನ್ನಪ್ಪ ಹನುಮಂತಪ್ಪ ಹರೆಯದಲ್ಲಿ ಬಳ್ಳಾರಿಗೆ ಯಾರದೋ ಮನೆಯ ದೇವರಿಗೆ ಬಣ್ಣ ಹಾಕಲು ಹೋದವನು, ಪಕ್ಕದ ಓಣಿಯಲ್ಲಿ ಒಬ್ಬರು ಫೋಟೋ ತೆಗೆಯುವುದನ್ನು ನೋಡಿದ. ನೋಡಿದವನು ಅಲ್ಲೇ ಉಳಿದ. ಊರಿಗೆ ತಿರುಗಿ ಬರುವಾಗ ತಲೆಯ ಮೇಲೆ ಮೂರು ಕಾಲಿನ ಸ್ಟ್ಯಾಂಡು, ಹೆಗಲಿಗೆ ಕ್ಯಾಮೆರಾದ ಪೆಟ್ಟಿಗೆ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಬಾಗಿಲಲ್ಲೇ ನಿಂತು, "ದೇವರ ಕಣ್ಣು ಬರಿಯೋದು ಬಿಟ್ಟು ಮಂದಿ ಮಾರಿ ಹಿಡಿಯಾಕ ಹೊಂಟಿಯೇನೋ?" ಎಂದು ಅತ್ತಳಂತೆ. ಆಮೇಲೆ ಅವಳೂ ನಮ್ಮ ಜೊತೆ ಗಂಗಾವತಿಗೆ ಬಂದಳು. ಅಲ್ಲಿ ಬಜಾರಿನಲ್ಲಿ ಅಪ್ಪ ಅಂಗಡಿ ಹಾಕಿದ. ಹಿಂದಿನ ಪರದೆಯನ್ನು ತಾನೇ ಬರೆದ: ಅರಮನೆಯ ಕಂಬ, ಮೆಟ್ಟಿಲು, ಮೆಟ್ಟಿಲ ಮೇಲೆ ಒಂದು ನವಿಲು. ನವಿಲನ್ನು ನೋಡಿದರೆ ಸಾಕು, ಇದನ್ನು ಬರೆದವ ಗೊಂಬೆ ಮಾಡುವವ ಅಂತ ಗೊತ್ತಾಗುತ್ತಿತ್ತು.

ನಾನು ಆಗ ಹೆಣ್ಣುಮಕ್ಕಳ ಸಾಲಿಗೆ ಹೋಗುತ್ತಿದ್ದೆ. ನಿಜಾಮರ ಕಾಲ. ಪಾಠ ಉರ್ದುವಿನಲ್ಲಿ, ಬೈಗುಳ ಕನ್ನಡದಲ್ಲಿ. ನನಗೆ ಎರಡೂ ಚೆನ್ನಾಗಿ ಬರುತ್ತಿದ್ದವು. ಸಾಲಿ ಬಿಟ್ಟ ಕೂಡಲೇ ಅಂಗಡಿಗೆ ಓಡುತ್ತಿದ್ದೆ, ಯಾಕೆಂದರೆ ಅಪ್ಪನಿಗೆ ನಾನು ಬೇಕಾಗಿತ್ತು. ಫೋಟೋಕ್ಕೆ ಕುಳಿತ ಹೆಂಗಸಿನ ಗದ್ದ ಸ್ವಲ್ಪ ಎತ್ತಬೇಕು, ಸೆರಗು ಸರಿ ಮಾಡಬೇಕು ಅಂದರೆ ಪರಗಂಡಸು ಮುಟ್ಟುವ ಹಾಗಿದೆಯೇ? ದೂರ ನಿಂತು "ಎಡಕ್ಕ ತಿರಗ್ರೆವ್ವಾ" ಅಂದರೆ ಅವರು ಹೆದರಿ ಬಲಕ್ಕೆ ತಿರುಗುತ್ತಿದ್ದರು. ಹಾಗಾಗಿ ಮುಖ ತಿರುಗಿಸುವ ಕೆಲಸ ನನ್ನ ಪಾಲಿಗೆ ಬಂತು. ಗದ್ದ ಹಿಡಿದು ಹಿಡಿದು ನನ್ನ ಬೆರಳಿಗೆ ಆ ಸೀಮೆಯ ಹೆಂಗಸರ ಮುಖವೆಲ್ಲ ಪರಿಚಯವಾಯಿತು.

ಮೊದಲ ಸಲ ಕತ್ತಲೆ ಕೋಣೆಯೊಳಗೆ ಹೋದದ್ದನ್ನು ಹೇಳಲೇಬೇಕು. ಹೊರಗೆ ರಣಗುಡುವ ಬಿಸಿಲು, ಒಳಗೆ ಕೆಂಪು ಗಾಜಿನ ದೀಪ ಒಂದೇ. ತಟ್ಟೆಯಲ್ಲಿ ಔಷಧದ ನೀರು. ಅದರಲ್ಲಿ ಅಪ್ಪ ಪ್ಲೇಟನ್ನು ಮುಳುಗಿಸಿದ. ಹಾಲಿನ ಕೆನೆ ಸವರಿದ ಹಾಗಿದ್ದ ಬರೀ ಗಾಜು. ನಾನು ಬಗ್ಗಿ ನೋಡಿದೆ, ಏನೂ ಇಲ್ಲ. "ಇಲ್ಲಲ್ಲಪ್ಪಾ!" ಎಂದೆ. "ಬರ್ತಾಳ, ತಡಿ," ಎಂದ. ತಟ್ಟೆಯನ್ನು ತೊಟ್ಟಿಲಿನ ಹಾಗೆ ತೂಗುತ್ತಾ ನಿಂತ. ಎಲ್ಲಿಂದಲೋ ಒಂದು ಕಪ್ಪು ಚುಕ್ಕೆ ಎದ್ದಿತು. ಅದು ಹಣೆ. ಆಮೇಲೆ ಮೂಗಿನ ಏಣು, ಕೆನ್ನೆ, ಕೊರಳ ಸರ. ಬೆಳಿಗ್ಗೆ ನಾನೇ ಗದ್ದ ಹಿಡಿದು ಕೂರಿಸಿದ್ದ ಹೆಂಗಸು, ಆ ನೀರಿನಲ್ಲಿ ತನ್ನಷ್ಟಕ್ಕೆ ತಾನೇ ಹುಟ್ಟಿಬಂದಳು! ಆಮೇಲೆ ಜೀವಮಾನವೆಲ್ಲ ಅದೇ ಕೆಲಸ ಮಾಡಿದೆ, ಆದರೆ ತಟ್ಟೆಯಲ್ಲಿ ಮೊದಲ ಚುಕ್ಕೆ ಏಳುವಾಗ ನಾನು ಮಾತು ನಿಲ್ಲಿಸುತ್ತಿದ್ದೆ. ನನ್ನ ಬಾಯಿ ಗೊತ್ತಿರುವವರಿಗೆ ಅದೇ ಒಂದು ಪವಾಡ.

ಪ್ಲೇಟು ಒಣಗಿದ ಮೇಲೆ ಟಚಿಂಗ್, ಅಂದರೆ ತಿದ್ದುವ ಕೆಲಸ. ಕಿಟಕಿಯ ಹತ್ತಿರ ಒಂದು ಇಳಿಜಾರು ಮೇಜು. ಅದರ ನಡುವೆ ಕಿಂಡಿ, ಕಿಂಡಿಯ ಮೇಲೆ ಪ್ಲೇಟು, ಕೆಳಗೆ ಒಂದು ಕನ್ನಡಿ. ಕನ್ನಡಿ ಬೆಳಕನ್ನು ಮೇಲಕ್ಕೆ ಎಸೆಯುತ್ತಿತ್ತು. ಪ್ಲೇಟಿನ ಮೇಲೆ ರಾಳದ ಎಣ್ಣೆ ಸವರಿ, ಸೂಜಿಯ ಹಾಗೆ ಮಸೆದ ಪೆನ್ಸಿಲಿನಿಂದ ತಿದ್ದಬೇಕು. ಇಲ್ಲೂ ಎಲ್ಲ ಉಲ್ಟಾ: ಪೆನ್ಸಿಲಿನಿಂದ ಕಪ್ಪು ಮಾಡಿದ ಜಾಗ ಕಾಗದದ ಮೇಲೆ ಬೆಳ್ಳಗೆ ಬರುತ್ತದೆ. ಅಪ್ಪ ಇದನ್ನು ನೂರು ಸಲ ಹೇಳಿದ್ದ. ನಾನೂ ಹೂಂಗುಟ್ಟಿದ್ದೆ.

ಒಂದು ದಿನ ಪೊಲೀಸು ಅಮೀನಸಾಹೇಬರ ಪ್ಲೇಟು ಮೇಜಿನ ಮೇಲಿತ್ತು. ಅವರ ಮೀಸೆ ಸ್ವಲ್ಪ ತೆಳು. ಪಾಪ, ಅಧಿಕಾರಕ್ಕೆ ತಕ್ಕ ಮೀಸೆ ಬೇಡವೇ ಎಂದು ನಾನೇ ಕನಿಕರಪಟ್ಟು, ಪೆನ್ಸಿಲಿನಿಂದ ದಟ್ಟವಾಗಿ ತೀಡಿ ಎರಡೂ ಕಡೆ ಮೇಲಕ್ಕೆ ತಿರುವಿದೆ. ಅಪ್ಪ ನೋಡದೆ ಪ್ರಿಂಟು ಹಾಕಿದ. ಸಾಹೇಬರು ಕಚೇರಿಯಿಂದ ಅಂಗಡಿಗೆ ಬಂದು ಕೈಗೆ ತೆಗೆದುಕೊಂಡರು. ಅವರ ಮೀಸೆ ಹಾಲು ಕುಡಿದು ಒರೆಸಿಕೊಳ್ಳದೆ ಬಂದವರ ಹಾಗೆ ಬೆಳ್ಳಗಾಗಿತ್ತು! ಅಪ್ಪನ ಜೀವ ಬಾಯಿಗೆ ಬಂತು. ಸಾಹೇಬರು ಬಹಳ ಹೊತ್ತು ನೋಡಿ, "ಅರೇ ಹನುಮಂತಪ್ಪ, ಇದು ನಮ್ಮ ಅಬ್ಬಾಜಾನರ ಫೋಟೋ ಆತಲ್ಲೋ! ಅವರದು ಒಂದೂ ಇರಲಿಲ್ಲ," ಎಂದು ಅದನ್ನೂ ಇಟ್ಟುಕೊಂಡು, ತಮ್ಮದು ಬೇರೆ ಹಾಕಿಕೊಡಲು ಹೇಳಿ ಹೋದರು. ಅವರು ಹೋದ ಮೇಲೆ ಅಪ್ಪ ಟರ್ಪಂಟೈನ್ ಅದ್ದಿದ ಬಟ್ಟೆಯಿಂದ ನನ್ನ ಮೀಸೆಯನ್ನೆಲ್ಲ ಒರೆಸಿದ. ಪ್ಲೇಟು ಮೊದಲಿನಂತಾಯಿತು.

"ಪೆನ್ಸಿಲ್ ತಪ್ಪಿದ್ರ ಹಿಂಗ ಒರಸಬಹುದು," ಎಂದು ಹೇಳಿ, ಡಬ್ಬಿಯಿಂದ ಒಂದು ಪುಟ್ಟ ಚಾಕು ತೆಗೆದು ತೋರಿಸಿದ. "ಕಾಗದದ ಮ್ಯಾಲ ಕಪ್ಪು ಬರಬೇಕಂದ್ರ ಇದು ಬೇಕು. ಗಾಜಿನ ಮ್ಯಾಗಿನ ಪೊರಿ ಇದರಿಂದ ಹೆರೀಬೇಕು. ಒಂಚೂರು ಆಳಕ್ಕ ಹೋತೋ, ಪೊರಿ ಕಿತ್ತು ಬರ್ತೈತಿ. ಕಿತ್ತದ್ದು ಮತ್ತ ಕೂಡಂಗಿಲ್ಲ. ನೀಲವ್ವ, ನೀ ಇದನ್ನ ಮುಟ್ಟಬ್ಯಾಡ."

ನಾನು ಬಹಳ ದಿನ ಮುಟ್ಟಲಿಲ್ಲ. ಮುಟ್ಟಿದ್ದು ಗೌರವ್ವನಿಗಾಗಿ.

ಅದು ಎರಡನೇ ಮಹಾಯುದ್ಧದ ಕಾಲ. ಚಿಮಣಿ ಎಣ್ಣೆಗೇ ಪರದಾಟ, ಇನ್ನು ಹಡಗಿನಲ್ಲಿ ಬರುವ ಪ್ಲೇಟು ಎಲ್ಲಿಂದ ಸಿಗಬೇಕು? ಮದರಾಸಿನಿಂದ ಬಳ್ಳಾರಿಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಪ್ಪನ ಹತ್ತಿರ ಒಂದೇ ಒಂದು ಪ್ಲೇಟು ಉಳಿದಿತ್ತು, ಅದನ್ನು ಕರಿ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿಟ್ಟಿದ್ದ. ಒಂದು ಬೆಳಿಗ್ಗೆ ಆನೆಗೊಂದಿಯಿಂದ ಆಳು ಬಂದ. ಶರಣೇಗೌಡರ ಹೆಂಡತಿ ಗೌರವ್ವ ತೀರಿಕೊಂಡಿದ್ದಾರೆ, ಮಣ್ಣು ಮಾಡುವುದರೊಳಗೆ ಫೋಟೋ ತೆಗೆಯಬೇಕಂತೆ, ಬಂಡಿ ಕಳಿಸಿದ್ದಾರೆ. ಆಗೆಲ್ಲ ಬದುಕಿದ್ದಾಗ ಒಂದು ಫೋಟೋ ಇಲ್ಲದವರಿಗೆ ಸತ್ತ ಮೇಲಾದರೂ ಒಂದು ಇರಲಿ ಎಂದು ನಮ್ಮನ್ನು ಕರೆಸುತ್ತಿದ್ದರು. ಅಪ್ಪ ಆ ಪ್ಲೇಟನ್ನು ತೆಗೆದುಕೊಂಡ. ಹೆಂಗಸಿನ ಹೆಣವಾದ್ದರಿಂದ ನಾನೂ ಸಾಲಿ ಬಿಟ್ಟು ಬಂಡಿ ಹತ್ತಿದೆ.

ದಾರಿಯಲ್ಲಿ ಅಪ್ಪ ಹೇಳಿದ. ಹಿಂದೆ ಗೌಡರ ಮಗನ ಮದುವೆಗೆ ಅವನು ಕ್ಯಾಮೆರಾ ತೆಗೆದುಕೊಂಡು ಹೋಗಿದ್ದನಂತೆ. ಗಂಡಸರದೆಲ್ಲ ಮುಗಿದ ಮೇಲೆ ಗೌರವ್ವ ಇಳಕಲ್ ಸೀರೆ ಉಟ್ಟು, ತಲೆತುಂಬ ಸೆರಗು ಹೊದ್ದು ಬಾಗಿಲಿಗೆ ಬಂದು ನಿಂತಳಂತೆ. ಗೌಡರು, "ಫೋಟೋ ತಗಸಿದ್ರ ಆಯುಷ್ಯ ಕಡಿಮಿ ಆಗ್ತೈತಂತ. ನಿನಗ್ಯಾಕ ಬೇಕು? ಒಳಗ ನಡಿ," ಅಂದರಂತೆ. ಅವಳು ಸೆರಗು ಎಳೆದುಕೊಂಡು ಒಳಗೆ ಹೋದಳಂತೆ.

ಗೌಡರ ಮನೆ ಗುಂಡುಬಂಡೆಗಳ ಬುಡದಲ್ಲಿತ್ತು, ಹಿತ್ತಲಿಗೆ ಹೊಂದಿ ಬಾಳೆತೋಟ. ಪಡಸಾಲೆಯ ಗೋಡೆಗೆ ಒರಗಿಸಿ ಗೌರವ್ವನನ್ನು ಕೂಡಿಸಿದ್ದರು. ಲಿಂಗವಂತರಲ್ಲಿ ಹಾಗೇ ಅಲ್ಲವೇ, ಹೆಣವನ್ನು ಮಲಗಿಸುವುದಿಲ್ಲ. ಹಣೆಗೆ ವಿಭೂತಿ, ಕೊರಳಿಗೆ ಹಾರ, ಮಡಿಲಿನಲ್ಲಿ ಕೈಗಳು. ಭಜನೆಯವರು ತಾಳ ನಿಲ್ಲಿಸಿದರು. ನಾನು ಹೋಗಿ ಗದ್ದ ಹಿಡಿದೆ. ಎಷ್ಟೋ ಗದ್ದ ಹಿಡಿದ ಕೈ, ಅಂಥ ತಣ್ಣನೆಯ ಗದ್ದ ಹಿಡಿದದ್ದು ಅದೇ ಮೊದಲು. ಹೆದರಿಕೆ ಆಗಲಿಲ್ಲ, ಸಂಕಟವಾಯಿತು.

ಆ ಕಾಲದ ಕ್ಯಾಮೆರಾ ಚಿಟಿಕೆ ಹೊಡೆಯುವುದರೊಳಗೆ ಮುಗಿಸುವುದಲ್ಲ. ಮುಚ್ಚಳ ತೆಗೆದು ಮನಸ್ಸಿನಲ್ಲಿ ಎಣಿಸಿ ಮುಚ್ಚಬೇಕು, ಅಷ್ಟು ಹೊತ್ತು ಯಾರೂ ಅಲ್ಲಾಡಬಾರದು. ಮಕ್ಕಳು ಮೊಮ್ಮಕ್ಕಳು ಅವಳ ಸುತ್ತ ಕುಳಿತರು. ಅಳು ತಡೆಯಲು ಯಾರಿಂದ ಆದೀತು? ಆಮೇಲೆ ಪ್ಲೇಟು ತೊಳೆದು ನೋಡಿದರೆ, ಬದುಕಿದ್ದವರೆಲ್ಲ ಹೊಗೆಯ ಹಾಗೆ ಕಲಸಿಹೋಗಿದ್ದರು. ಗೌರವ್ವ ಒಬ್ಬಳೇ ರೆಪ್ಪೆಯ ಕೂದಲು ಎಣಿಸುವಷ್ಟು ಸ್ಪಷ್ಟವಾಗಿ ಕುಳಿತಿದ್ದಳು. ನಾನೂ ಅಪ್ಪನೂ ಕೆಂಪು ದೀಪದ ಕೆಳಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಅಲ್ಲಿಂದ ಹೊರಡುವಾಗ ಗೌಡರು ಅಪ್ಪನ ಕೈ ಹಿಡಿದುಕೊಂಡಿದ್ದರು. ಎತ್ತರದ ಆಳು, ಬಿಳಿ ಮೀಸೆ, ಊರಲ್ಲಿ ಅವರೆದುರು ಯಾರೂ ಕೆಮ್ಮುತ್ತಿರಲಿಲ್ಲ. "ಹನುಮಂತಪ್ಪ, ಅಕಿ ಕಣ್ಣು ತೆರದಂಗ ಮಾಡಿ ಕೊಡೋ. ನೀವು ಕಟಗಿ ದೇವರಿಗೆ ಕಣ್ಣು ಕೊಡೋ ಮಂದಿ. ಇದೊಂದು ಮಾಡಿ ಕೊಡು. ಅಕಿ ಬೇಕಂದಾಗ ನಾ ಬ್ಯಾಡಂದೆ," ಎಂದರು. ಆಗಲಿ ಎಂದು ಅಪ್ಪ ತಲೆಯಾಡಿಸಿದ. ಸತ್ತವರ ಕಣ್ಣು ತೆರೆಸುವ ಕೆಲಸ ಸ್ಟುಡಿಯೋದವರಿಗೆ ಹೊಸದಲ್ಲ.

ನಮ್ಮ ಮನೆತನದಲ್ಲಿ ಕಣ್ಣು ಬರೆಯುವುದಕ್ಕೆ ಒಂದು ಕಟ್ಟಳೆ ಇತ್ತು. ಮೂರ್ತಿಯ ಎಲ್ಲ ಕೆಲಸ ಮುಗಿದ ಮೇಲೆ ಕೊನೆಗೆ ಕಣ್ಣು. ಆ ದಿನ ಬರೆಯುವವನು ಉಪವಾಸ ಇರಬೇಕು, ಕೆಲಸವನ್ನು ಒಪ್ಪಿಸುವ ತನಕ ಉಣ್ಣುವಂತಿಲ್ಲ. ಮೂರ್ತಿಯ ಎದುರಿಗೆ ಕನ್ನಡಿ ಇಡಬೇಕು, ದೇವರ ಮೊದಲ ನೋಟ ಕನ್ನಡಿಗೆ ಬೀಳಬೇಕು. ಅಪ್ಪ ಉಪವಾಸವಿದ್ದು, ಒಂದು ಪ್ರಿಂಟು ಹಾಕಿ, ಅದರ ಮೇಲೆ ಕುಂಚದಿಂದ ಕಣ್ಣು ಬರೆದ. ಎಂಥ ಕಣ್ಣು! ಕಿವಿಯ ತನಕ ಹೋದ ರೆಪ್ಪೆ, ನಡುವೆ ದುಂಡನೆಯ ಕಪ್ಪು ಕಣ್ಣಬೊಂಬೆ, ಎರಡೂ ಅಚ್ಚು ಹಾಕಿದ ಹಾಗೆ ಸಮ. ನೋಡಿ ಆಯಿ ಕೈ ಮುಗಿದಳು.

ಆನೆಗೊಂದಿಯಲ್ಲೂ ಎಲ್ಲರೂ ಕೈ ಮುಗಿದರು. ಒಬ್ಬಳು ಮುದುಕಿ ಕಾಯಿ ಒಡೆಯಲು ಒಳಗೆ ಓಡಿದಳು. ಗೌಡರು ಮಾತ್ರ ಫೋಟೋವನ್ನು ಒಮ್ಮೆ ನೋಡಿ ಮಗನ ಕೈಗೆ ಕೊಟ್ಟುಬಿಟ್ಟರು.

"ಇದು ಗುಡ್ಯಾಗಿನ ದೇವಿ ದ್ಯಾಮವ್ವ ಆತು ಹನುಮಂತಪ್ಪ. ನಮ್ಮಾಕಿ ಎಲ್ಲಿ?"

ನನಗೆ ಗೌಡರ ಮೇಲೆ ಸಿಟ್ಟು ಬಂತು. ಜೀವ ಇದ್ದಾಗ ಒಂದು ಫೋಟೋ ತೆಗೆಸಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಸಿಡಿಮಿಡಿಗುಡುತ್ತ ಹಿತ್ತಲಿಗೆ ಹೋದೆ. ಅಲ್ಲಿ ಗೌಡರ ಸೊಸೆ ಬಸಮ್ಮ ತಾಟು ಹಿಡಿದು ನಿಂತಿದ್ದಳು. ತಾಟಿನಲ್ಲಿ ರೊಟ್ಟಿ, ಪಲ್ಯ ಮುಟ್ಟದೆ ಹಾಗೇ ಇದ್ದವು.

"ಮಾವ ಉಣವಲ್ರು ನೀಲವ್ವ," ಎಂದಳು. "ಅತ್ತಿ ಹೋದಾಗಿಂದ ಒಂದು ವಾಟಿ ಮಜ್ಜಿಗಿ, ಅಷ್ಟ. ತಾಟು ಇಟ್ರ ಕುಂದರತಾರ. ಅಡಗಿಮನಿ ಬಾಗಲ ಕಡೆ ನೋಡತಾರ. ಎದ್ದು ಹೋಗತಾರ. ಮೈ ಸೋತು ಕೋಲಿನಂಗ ಆಗ್ಯಾರ. ಹಿಂಗಾದ್ರ ಎಷ್ಟು ದಿನ ಅಂತ? ನಮ್ಮ ಮನ್ಯಾಗ ಇನ್ನೊಂದು ಹೆಣ ಕೂಡಸೋದು ಬರ್ತೈತಿ." ಹೇಳುತ್ತಲೇ ಅತ್ತಳು. ನನ್ನ ಸಿಟ್ಟು ಇಳಿದುಹೋಯಿತು.

ತಿರುಗಿ ಬರುವಾಗ ಬಂಡಿಯಲ್ಲಿ ಅಪ್ಪ ತನ್ನ ಬಲಗೈಯನ್ನೇ ನೋಡುತ್ತಾ, "ಈ ಕೈಗೆ ಅದೊಂದ ಕಣ್ಣು ಬರ್ತೈತಿ ನೀಲವ್ವ. ನಮ್ಮಪ್ಪ ಕಲಿಸಿದ್ದು, ಅವರಪ್ಪ ಕಲಿಸಿದ್ದು. ಎಷ್ಟು ಸಲ ಬರದ್ರೂ ದೇವರ ಕಣ್ಣ ಬರ್ತೈತಿ. ನಿನ್ನ ಕೈ ಇನ್ನಾ ಅದನ್ನ ಕಲತಿಲ್ಲ. ನೀ ಮಾಡು," ಎಂದ. "ಪ್ರಿಂಟಿನ ಮ್ಯಾಲ ಬ್ಯಾಡ. ಪ್ಲೇಟಿನಾಗ ಮಾಡು."

ಪ್ರಿಂಟಿನ ಮೇಲೆ ಬರೆದ ಕಣ್ಣು ಎಷ್ಟೆಂದರೂ ಬಣ್ಣವಾಗಿ ಮೇಲೆ ಕುಳಿತಿರುತ್ತದೆ. ಪ್ಲೇಟಿನಲ್ಲಿ ತಿದ್ದಿದ್ದು ಮುಖದ ಜೊತೆಗೆ ಬೆಳಕಿನಿಂದಲೇ ಮೂಡುತ್ತದೆ. ಅದು ನನಗೂ ಗೊತ್ತಿತ್ತು. ಆದರೆ ಕಣ್ಣಿನ ಬಿಳಿಯನ್ನು ಪೆನ್ಸಿಲಿನಿಂದ ಮಾಡಬಹುದು. ಬೊಂಬೆ ಕಪ್ಪು ಬರಬೇಕಾದರೆ ಚಾಕು ಬೇಕು. ಚಾಕು ಜಾರಿದರೆ ಗೌರವ್ವನ ಮುಖ ಭೂಮಿಯ ಮೇಲೆ ಎಲ್ಲೂ ಉಳಿಯುವುದಿಲ್ಲ. ಅಪ್ಪ ಕೆಡಿಸಿದ ಪ್ರಿಂಟಿನಲ್ಲಿ ಇದ್ದದ್ದು ದ್ಯಾಮವ್ವ. ಫೋಟೋ ಕಾಗದ ಒಂದೇ ಹಾಳೆ ಉಳಿದಿದ್ದರಿಂದ ಮೊದಲೇ ಇನ್ನೊಂದು ಪ್ರಿಂಟು ಹಾಕಿಡುವ ಹಾಗೂ ಇರಲಿಲ್ಲ.

ಮೊದಲು ಆ ಕಣ್ಣು ಹೇಗಿದ್ದವು ಎಂದು ತಿಳಿಯಬೇಕಲ್ಲ! ರಜೆಯ ದಿನ ಅಪ್ಪನನ್ನೂ, ಅದರ ಗಾಜಿನಲ್ಲಿ ಮುಖ ನೋಡುವುದು ನನಗೆ ರೂಢಿಯಾದ್ದರಿಂದ ಕ್ಯಾಮೆರಾವನ್ನೂ ಹೊರಡಿಸಿಕೊಂಡು ಮತ್ತೆ ಆನೆಗೊಂದಿಗೆ ಹೋದೆ. ಬಸಮ್ಮನನ್ನು ಕೇಳಿದೆ. "ಅತ್ತಿ ಕಣ್ಣಾ? ಅವರ ಮುಂದ ನಾ ತಲಿ ಎತ್ತಿದ್ದರ ತಾನೆ ಗೊತ್ತಾಗೂದು!" ಎಂದಳು. ತೋಟದ ಆಳು ಹೆಂಗಸು, "ಹದ್ದಿನ ಕಣ್ಣು ಯವ್ವಾ, ಒಂದು ಬಾಳಿಹಣ್ಣು ಮಡಲಾಗ ಹಾಕ್ಕೊಂಡ್ರ ಅಲ್ಲಿಂದ ಕಾಣ್ತಿತ್ತು," ಎಂದಳು. ಮಗ ಬಹಳ ಯೋಚನೆ ಮಾಡಿ, "ಅವ್ವನ ಕಣ್ಣು ಅವ್ವನ ಕಣ್ಣಿನಂಗ ಇದ್ವು," ಎಂದ. ಇಂಥ ಉತ್ತರ ಇಟ್ಟುಕೊಂಡು ಏನು ಬರೆಯಲಿ? ಕೊನೆಗೆ ಪಡಸಾಲೆಗೆ ಬಂದು ಗೌಡರನ್ನೇ ಕೇಳಿದೆ.

"ಹ್ಯಾಂಗ ಹೇಳ್ಲೆವ್ವಾ?" ಎಂದರು. "ಇಷ್ಟು ವರ್ಷ ಜೋಡಿ ಇದ್ವಿ. ಕಣ್ಣು ಮುಚ್ಚಿದ್ರ ಕಾಣ್ತೈತಿ. ಬಾಯಿಗೆ ಬರವಲ್ದು."

ಆಗ ನನ್ನ ಬಾಯಿಂದ ಹೇಗೆ ಬಂತೋ, "ಹೇಳಬ್ಯಾಡ್ರಿ ಗೌಡ್ರ. ತೋರಸ್ರಿ. ಅಮ್ಮಾರು ಹ್ಯಾಂಗ ನೋಡತಿದ್ರು, ನೀವು ಹಂಗ ನೋಡ್ರಿ," ಎಂದುಬಿಟ್ಟೆ.

ಗೌಡರಿಗೆ ಹೆಂಗಸಿನ ಹಾಗೆ ಮಾಡಿ ತೋರಿಸು ಅನ್ನುವುದೇ? ಅದೂ ಒಂದು ಸಾಲಿ ಹುಡುಗಿ? ಅಪ್ಪ, "ನೀಲವ್ವ!" ಎಂದು ಗದರಿದ. ಗೌಡರ ಮುಖ ಕೆಂಪಾಯಿತು. ಎದ್ದೇಬಿಟ್ಟರು. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅವರು ನನ್ನನ್ನು ದಾಟಿ, ಅಡುಗೆಮನೆಯ ಬಾಗಿಲಿಗೆ ಹೋದರು. ನಾನು ಓಡಿ ಕ್ಯಾಮೆರಾವನ್ನು ಆ ಕಡೆ ತಿರುಗಿಸಿ ಕರಿ ಬಟ್ಟೆಯೊಳಗೆ ತಲೆ ತೂರಿಸಿದೆ. ಪ್ಲೇಟು ಇರಲಿಲ್ಲ, ಬರೀ ನೋಡುವುದಕ್ಕೆ.

ಮಸುಕು ಗಾಜಿನಲ್ಲಿ ಗೌಡರು ತಲೆಕೆಳಗಾಗಿ ನಿಂತಿದ್ದರು. ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ. ತಲೆ ಸ್ವಲ್ಪ ವಾಲಿತು, ಗದ್ದ ಕೆಳಗಿಳಿಯಿತು. ಕಣ್ಣು ಮಾತ್ರ ಮೇಲಕ್ಕೆ ಎದ್ದು, ಪಡಸಾಲೆಯಲ್ಲಿ ಅವರು ಊಟಕ್ಕೆ ಕೂರುವ ಮಣೆಯನ್ನು ನೋಡಿದವು. ಎಡಗಣ್ಣು ಬಲಗಣ್ಣಿಗಿಂತ ಒಂದು ಎಳೆ ಸಣ್ಣದಾಗಿತ್ತು. ಏನೋ ಕೇಳುವ ನೋಟ. ಕೇಳಿ, ಉತ್ತರ ಬರುವ ತನಕ ಅಲ್ಲಿಂದ ಕದಲುವುದಿಲ್ಲ ಅನ್ನುವ ನೋಟ.

"ಅತ್ತೀ!" ಎಂದು ಬಸಮ್ಮ ಚೀರಿದಳು. ಮಗ ಗೋಡೆ ಹಿಡಿದುಕೊಂಡ. ತೋಟದ ಹೆಂಗಸು ಬಾಗಿಲಲ್ಲೇ ಕುಸಿದು ಕುಳಿತು, "ಅಯ್ಯ ಶಿವನ, ಗೌರಕ್ಕ ಬಂದಳಲ್ರಿ!" ಎಂದಳು. ನಾನು ಆ ಹೆಂಗಸನ್ನು ಬದುಕಿದ್ದಾಗ ನೋಡಿದವಳಲ್ಲ. ಆದರೂ ಕರಿ ಬಟ್ಟೆಯೊಳಗೆ ನನಗೂ ಅವಳೇ ಕಂಡಳು. ಆ ಬಿಳಿ ಮೀಸೆ, ಆ ಎತ್ತರದ ಆಳು ಎಲ್ಲ ತಲೆಕೆಳಗಾಗಿ ಗುರುತು ಕಳೆದುಕೊಂಡು, ಗಾಜಿನಲ್ಲಿ ಉಳಿದದ್ದು ಒಬ್ಬಳು ಹೆಂಗಸಿನ ಎರಡು ಕಣ್ಣು. ಎಷ್ಟೋ ವರ್ಷ ದಿನಾ ಆ ನೋಟದ ಎದುರು ಕುಳಿತು ಉಂಡ ಗಂಡಸಿನ ಮುಖದೊಳಗೆ ಅವಳು ಹೋಗಿ ಕುಳಿತಿದ್ದಳು. ಸಾಲಿಯಲ್ಲಿ ಯಾವ ಮಾಸ್ತರರೂ ನನಗೆ ಇಂಥದನ್ನು ಹೇಳಿರಲಿಲ್ಲ. ಕಾಗದ ಸಿಗದ ಕಾಲ, ನನ್ನ ಸಾಲಿಯ ಪಾಟಿಯ ಮೇಲೆ ಬಳಪದಿಂದ ಆ ಕಣ್ಣುಗಳನ್ನು ಗೀಚಿಕೊಂಡೆ. ಹೊರಗೆ ಬಂದಾಗ ಗೌಡರು ಚೌಕಟ್ಟಿಗೆ ಹಣೆ ಹಚ್ಚಿ ನಿಂತಿದ್ದರು.

ಮರುದಿನ ಸ್ನಾನ ಮಾಡಿ ಉಪವಾಸ ಮೇಜಿನ ಮುಂದೆ ಕುಳಿತೆ. ಆಯಿ ಒಂದು ಕನ್ನಡಿ ಹಿಡಿದು ತಂದಳು. ಅಪ್ಪ ಮೇಜಿನ ಕೆಳಗೆ ತೋರಿಸಿ, "ಕನ್ನಡಿ ಮೊದಲ ಅಲ್ಲೇ ಐತೆವ್ವಾ," ಎಂದ. ಆಯಿ ಬಗ್ಗಿ ನೋಡಿದಳು. ಬೆಳಕನ್ನು ಮೇಲಕ್ಕೆ ಎಸೆಯುವ ಆ ಕನ್ನಡಿಯನ್ನು ಇಷ್ಟು ವರ್ಷ ಅವಳು ಗಮನಿಸಿರಲೇ ಇಲ್ಲ. "ಹಂಗಾದ್ರ ಇದೂ ನಮ್ಮ ಕೆಲಸಾನ," ಎಂದು ಗೊಣಗಿ ನನ್ನ ಪಕ್ಕದಲ್ಲೇ ಕುಳಿತಳು. ಅಪ್ಪ ಬಳ್ಳಾರಿಯಿಂದ ಬಂದ ದಿನದಿಂದ ಅವಳಿಗಿದ್ದ ಸಿಟ್ಟು ಅವತ್ತು ಹೋಯಿತು.

ಪೆನ್ಸಿಲಿನಿಂದ ಬಿಳಿ ತುಂಬಿದೆ. ಸರಿ ಬರಲಿಲ್ಲ, ಒರೆಸಿದೆ. ಮತ್ತೆ ತುಂಬಿದೆ. ಎಡಗಣ್ಣನ್ನು ಒಂದು ಎಳೆ ಸಣ್ಣದು ಮಾಡಿದೆ. ದೇವರಿಗೆ ಯಾರೂ ಹಾಗೆ ಬರೆಯುವುದಿಲ್ಲ. ಆಮೇಲೆ ಚಾಕು ತೆಗೆದುಕೊಂಡೆ. ಅಪ್ಪ ಹಿಂದೆ ನಿಂತಿದ್ದ, ಅವನ ಉಸಿರು ನನ್ನ ಕಿವಿಗೆ ತಾಗುತ್ತಿತ್ತು. "ನೀ ಅತ್ತ ಹೋಗು ಮಾರಾಯ," ಎಂದು ಅಪ್ಪನನ್ನೇ ಓಡಿಸಿದೆ. ಒತ್ತಬಾರದು, ಧೂಳು ಒರೆಸುವ ಹಾಗೆ ಹೆರೆಯಬೇಕು. ಒಂದು ಗೆರೆ, ಬೆಳಕಿಗೆ ಹಿಡಿದು ನೋಡು. ಮತ್ತೊಂದು ಗೆರೆ, ಮತ್ತೆ ನೋಡು. ಪೊರೆ ತೆಳ್ಳಗಾಗುತ್ತಾ ಹೋದ ಹಾಗೆ ಕೆಳಗಿನ ಕನ್ನಡಿಯ ಬೆಳಕು ಅದರೊಳಗಿಂದ ಹಾದುಬರತೊಡಗಿತು. ಎರಡು ಪುಟ್ಟ ದೀಪ ಹತ್ತಿದ ಹಾಗೆ ಕಂಡಿತು. ಚಾಕು ಕೆಳಗಿಟ್ಟ ಮೇಲೆ, ಪ್ರತಿ ಬೊಂಬೆಯೊಳಗೆ ಪೆನ್ಸಿಲಿನಿಂದ ಸಾಸಿವೆಗಿಂತ ಚಿಕ್ಕದೊಂದು ಚುಕ್ಕೆ ಇಟ್ಟೆ. ಕಣ್ಣಿನೊಳಗಿನ ಮಿಂಚು ಅದು. ಅದಿಲ್ಲದಿದ್ದರೆ ಎಂಥ ಚಂದದ ಕಣ್ಣೂ ಸತ್ತ ಕಣ್ಣೇ. ನನ್ನ ಮಾತಿನಲ್ಲಿ ಕಲಿಯುವವರಿಗೆ ಏನಾದರೂ ಉಪಯೋಗ ಇದ್ದರೆ ಇದೊಂದು.

ಪ್ಲೇಟನ್ನು ಕಾಗದದ ಮೇಲಿಟ್ಟು ಚೌಕಟ್ಟಿಗೆ ಹಾಕಿ ಅಂ‌ಗಳದ ಬಿಸಿಲಿಗೆ ಇಟ್ಟೆವು. ಆಗಿನ ಕಾಗದ ಬಿಸಿಲಿನಲ್ಲಿ ನಿಧಾನವಾಗಿ ಕಪ್ಪಾಗುತ್ತಿತ್ತು, ನಡುನಡುವೆ ಹಿಂದಿನ ಹಲಗೆ ಎತ್ತಿ ಇಣುಕಬಹುದಿತ್ತು. ಅಪ್ಪ ಎತ್ತಿದ. ನಾವು ಮೂವರೂ ಬಗ್ಗಿದೆವು. ಮುಖ ಇನ್ನೂ ಬಂದಿರಲಿಲ್ಲ. ಮೂಗಿಲ್ಲ, ಬಾಯಿಲ್ಲ, ಹಣೆಯಿಲ್ಲ. ತಲೆಗೂದಲಿನ ನೆರಳು ಒಂದಿಷ್ಟು, ಅದರ ಕೆಳಗೆ ಬೋಳು ಕಾಗದದಿಂದ ಎರಡು ಕಣ್ಣು ನಮ್ಮನ್ನು ನೋಡುತ್ತಿದ್ದವು. ಪ್ಲೇಟು ತೆಳ್ಳಗಿದ್ದಲ್ಲಿ ಬಿಸಿಲು ಬೇಗ ಹಾಯುತ್ತದೆ, ಅಷ್ಟೇ ಕಾರಣ. ಕಾರಣ ಗೊತ್ತಿದ್ದರೆ ಏನಾಯಿತು? ನಾನು ಕೈ ಮುಗಿದೆ. ಕಿನ್ನಾಳದಲ್ಲಿ ಕೊನೆಗೆ ಬರುವ ಕಣ್ಣು ಇಲ್ಲಿ ಎಲ್ಲಕ್ಕಿಂತ ಮೊದಲು ಬಂದಿತ್ತು. ಅದರ ಸುತ್ತ ನಿಧಾನವಾಗಿ ಗೌರವ್ವ ಬಂದಳು.

ತೊಳೆದು, ಒಣಗಿಸಿ, ಸಂಜೆಯ ಹೊತ್ತಿಗೆ ಆನೆಗೊಂದಿ ಮುಟ್ಟಿದೆವು. ಬೆಳಗಿನಿಂದ ಹೊಟ್ಟೆಗೆ ಹನಿ ನೀರಿಲ್ಲ, ಬಂಡಿಯ ಕುಲುಕಾಟಕ್ಕೆ ಕಣ್ಣು ಕತ್ತಲೆ ಬರುತ್ತಿತ್ತು. ಗೌಡರು ಮಣೆಯ ಮೇಲೆ ಕುಳಿತಿದ್ದರು. ಬಸಮ್ಮ ಆಗಷ್ಟೇ ತಾಟು ಇಟ್ಟಿದ್ದಳು, ಅವರು ಏಳುವುದರಲ್ಲಿದ್ದರು. ಕೈಗಳ ನರ ಎಣಿಸಬಹುದಿತ್ತು, ಅಷ್ಟು ಸೊರಗಿದ್ದರು. ಅಪ್ಪ ಕೊಡಲಿಲ್ಲ, ನನ್ನನ್ನೇ ಮುಂದೆ ತಳ್ಳಿದ. ನಾನು ಸುತ್ತಿದ್ದ ಬಟ್ಟೆ ಬಿಚ್ಚಿ ಫೋಟೋವನ್ನು ಅವರ ಮುಂದೆ ಹಿಡಿದೆ.

ಅವರು ನೋಡಿದರು. ನೋಡಿದವರು ತಟ್ಟನೆ ತಲೆ ತಗ್ಗಿಸಿದರು, ಸಾಲಿ ತಪ್ಪಿಸಿ ಸಿಕ್ಕಿಬಿದ್ದ ಹುಡುಗರು ತಗ್ಗಿಸುತ್ತಾರಲ್ಲ, ಹಾಗೆ.

"ಇಲ್ಲ," ಎಂದರು. ದನಿ ಕೇಳಿಸುವ ಹಾಗಿರಲಿಲ್ಲ. "ಇನ್ನಾ ಉಂಡಿಲ್ಲ."

ಆ ನೋಟ ಏನು ಕೇಳುತ್ತಿತ್ತು ಎಂದು ಬರೆದವಳಿಗೆ, ನನಗೆ, ಆಗ ತಿಳಿಯಿತು. ಬಸಮ್ಮನಿಗೂ ತಿಳಿಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದವಳು ಬಿಸಿ ರೊಟ್ಟಿಯೊಂದಿಗೆ ಬಂದಳು. ಗೌಡರು ನನ್ನ ಕೈಯಿಂದ ಫೋಟೋ ತೆಗೆದುಕೊಂಡು, ಎದ್ದು ಹೋಗಿ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಒರಗಿಸಿ ಇಟ್ಟರು. ತಿರುಗಿ ಬಂದು ಕುಳಿತು ನನ್ನ ಮುಖ ನೋಡಿದರು.

"ಈ ಹುಡಗಿಗೂ ಒಂದು ತಾಟು ಹಾಕು. ಇದೂ ಉಂಡಂಗಿಲ್ಲ."

ಅಳು ಬರುತ್ತಿತ್ತು, ಹಸಿವೂ ಆಗಿತ್ತು. ಅವರ ಎದುರಿಗೆ ಕುಳಿತೆ. ಗೌಡರು ರೊಟ್ಟಿ ಮುರಿದರು. ಒಂದು ತುತ್ತು ನುಂಗುವುದು, ಬಾಗಿಲ ಕಡೆ ನೋಡುವುದು. ಮತ್ತೊಂದು ತುತ್ತು, ಮತ್ತೆ ನೋಡುವುದು. ತಾಟು ಬರಿದಾಯಿತು. ಬಸಮ್ಮ ಇನ್ನೂ ನೀಡಲೋ ಬೇಡವೋ ಎಂದು ಹೆದರುತ್ತಾ ರೊಟ್ಟಿ ಹಿಡಿದು ನಿಂತಳು. ಗೌಡರು ಒಂದು ಸಲ ಆ ಕಡೆ ನೋಡಿದರು, ಸೋತವರ ಹಾಗೆ ನಕ್ಕು ತಾಟನ್ನು ಮುಂದೆ ಸರಿಸಿದರು.

"ಹಾಕವ್ವ, ಇನ್ನೊಂದು ಹಾಕು. ನಿಮ್ಮತ್ತಿ ನೋಡಾಕತ್ಯಾಳ."